ಬಲ ಕಂಕುಳಿನ ಗಾಯ

ಮೂವತ್ತೊಂದು ವರ್ಷದ ಸೇವೆಯಲ್ಲಿ ಸಾಹೇಬರು ನ್ಯಾಯಪೀಠದಿಂದ ಕೆಳಕ್ಕೆ ಜಿಗಿದದ್ದು ಒಂದೇ ಒಂದು ಸಲ. ಆ ಒಂದು ಸಲವೇ ಅವರ ಹೆಸರನ್ನು ಅಳಿಸಿ ಅಡ್ಡಹೆಸರೊಂದನ್ನು ಅಂಟಿಸಿಬಿಟ್ಟಿತು. ಆಗಿನ್ನೂ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಗೋಡೆಯ ವಿಷಯಕ್ಕೆ ಅಣ್ಣತಮ್ಮಂದಿರು ಬಡಿದಾಡಿಕೊಂಡ ಮೊಕದ್ದಮೆ. ಸಾಕ್ಷಿಗೆ ತೋರಿಸಲೆಂದು ಪೊಲೀಸರು ತಂದಿದ್ದ ಮಚ್ಚು ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಗುಮಾಸ್ತನ ಮೇಜಿನ ಮೇಲೆ ಸಾಧುವಿನ ಹಾಗೆ ಮಲಗಿತ್ತು. ಅವರಲ್ಲಿ ತಮ್ಮನಾದವನು ಕಟಕಟೆ ಹಾರಿ ಬಂದು ಅದನ್ನು ಎತ್ತಿಕೊಂಡ. ಅಣ್ಣನ ಭುಜಕ್ಕೆ ಒಂದು ಏಟು, ಅಡ್ಡ ಬಂದ ಪೊಲೀಸನ ಮುಂಗೈಗೆ ಒಂದು ಏಟು. ರಕ್ತ ಕಡತಗಳ ಮೇಲೆಲ್ಲ ಚಿಮ್ಮಿತು. ಗಂಟೆಗಟ್ಟಲೆ ಕಾನೂನು ಕೊಚ್ಚುತ್ತಿದ್ದ ವಕೀಲರು ಕಣ್ಣುಮುಚ್ಚಿ ತೆರೆಯುವುದರಲ್ಲಿ ಬೆಂಚುಗಳ ಅಡಿಗೆ ಸೇರಿಕೊಂಡರು. ಮೂರನೆಯ ಏಟಿಗೆ ಎತ್ತಿದ ಕೈ ಮಾತ್ರ ಅರ್ಧದಲ್ಲೇ ನಿಂತಿತು. ಸಾಹೇಬರು ಅವನ ಮಣಿಕಟ್ಟಿನ ಒಳಭಾಗಕ್ಕೆ ಹೆಬ್ಬೆರಳು ಊರಿ ಒತ್ತಿದ್ದರು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡು ಮಚ್ಚು ಕೆಳಗೆ ಬಿತ್ತು. ಇನ್ನೊಂದು ಕೈಯಿಂದ ಅವನ ಮೊಣಕೈಯನ್ನು ಹಿಂದಕ್ಕೆ ತಿರುವಿದಾಗ ಎದ್ದ ಲಟಕ್ ಎನ್ನುವ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು.

ಆಮೇಲೆ ಅವರು ಮೆಟ್ಟಿಲು ಹತ್ತಿ ಹೋಗಿ ಕೂತರು. ಗೌನಿನ ತುದಿಯಿಂದ ಕನ್ನಡಕ ಒರೆಸಿಕೊಂಡು, ಮುಂದಿನ ದಿನಾಂಕ ಕೊಟ್ಟರು. ಅವತ್ತು ಸಂಜೆಯೊಳಗೆ ವಕೀಲರ ಕೋಣೆಯಲ್ಲಿ ಅವರು ‘ಕತ್ತಿ ಸಾಹೇಬರು’ ಆಗಿಹೋದರು.

ಈ ವಿದ್ಯೆ ಯಾವ ಕಾನೂನು ಕಾಲೇಜಿನಲ್ಲೂ ಸಿಗುವುದಲ್ಲ. ಅವರ ಅಪ್ಪನದು ಮಾರುಕಟ್ಟೆಯ ಮೂಲೆಯಲ್ಲಿ ಮಾಂಸದ ಅಂಗಡಿ. ಅಪ್ಪ ಮಾತಿಗಿಂತ ಕೈಯಿಂದ ಕಲಿಸುವ ಮನುಷ್ಯ. ತಪ್ಪಿದರೆ ಕತ್ತಿಯ ಹಿಡಿಯಿಂದ ಗೆಣ್ಣಿಗೆ ಕುಟ್ಟುತ್ತಿದ್ದ. ಕೀಲು ಎಲ್ಲಿದೆ ಎಂದು ಕಣ್ಣಿಂದ ನೋಡಬಾರದು, ಬೆರಳಿಂದ ಕೇಳಬೇಕು. ಕೀಲು ಸಿಕ್ಕಿದ ಮೇಲೆ ಕತ್ತಿಗೆ ಬಲ ಹಾಕಬಾರದು, ದಾರಿ ಬಿಡಬೇಕು. ಎಲುಬಿಗೆ ಗೀರು ಬಿದ್ದರೆ ಅದು ಕೆಲಸವಲ್ಲ, ಕೊಲೆ. ಜೀವವಿರುವ ಮೈ ಕತ್ತರಿಸಿದರೆ ಗಾಯದ ಅಂಚು ಕೆಂಪಗೆ ಉಬ್ಬುತ್ತದೆ, ಸತ್ತ ಮೈ ಕತ್ತರಿಸಿದರೆ ಬಿಳಿಚಿಕೊಂಡು ಸುಮ್ಮನಿರುತ್ತದೆ. ಇದನ್ನಂತೂ ಅಪ್ಪ ಅವರಿಗೆ ಒಂಬತ್ತು ವರ್ಷವಾಗುವ ಮೊದಲೇ ಹೇಳಿಕೊಟ್ಟಿದ್ದ. ಕಾಲೇಜಿಗೆ ಹೊರಡುವ ಮುಂಚೆ ಮೂರು ಸಲ ಸೋಪು ಹಾಕಿ ಕೈ ತೊಳೆದರೂ ಪಕ್ಕದಲ್ಲಿ ಕೂತವರು ಮೂಗು ಮುರಿಯುತ್ತಿದ್ದರು. ಮೂಗು ಮುರಿದವರಲ್ಲಿ ಇಬ್ಬರು ಆಮೇಲೆ ಅವರ ಎದುರೇ ನಿಂತು ವಾದ ಮಾಡಬೇಕಾಯಿತು. ಸಾಹೇಬರೇನೂ ಸೇಡು ತೀರಿಸಿಕೊಳ್ಳಲಿಲ್ಲ, ಆದರೆ ಅವರಿಗೆ ಕುರ್ಚಿ ತೋರಿಸುವುದಕ್ಕೆ ಸ್ವಲ್ಪ ತಡ ಮಾಡುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಬೇರೆ ನ್ಯಾಯಾಧೀಶರು ಆಯುಧವನ್ನು ದೂರದಿಂದ ನೋಡಿ ತಲೆಯಾಡಿಸಿದರೆ, ಇವರು ತರಿಸಿಕೊಂಡು ಕೈಯಲ್ಲಿ ಹಿಡಿಯುತ್ತಿದ್ದರು. ತೂಗಿ ನೋಡುತ್ತಿದ್ದರು, ಅಲಗಿಗೆ ಹೆಬ್ಬೆರಳು ಸವರುತ್ತಿದ್ದರು, ಗಾಯದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಸೈಕಲ್ ಚೈನಿನಿಂದ ಸೀಳಿದ ಮುಖ, ಪಂಪಿನ ಹಿಡಿಕೆಯಿಂದ ಒಡೆದ ತಲೆ, ಆಸಿಡ್ ಬಿದ್ದು ಕರಗಿದ ಕಿವಿ, ಹೆಂಡತಿಯ ಕುತ್ತಿಗೆಯ ಮೇಲೆ ಗಂಡನ ಹತ್ತು ಬೆರಳಿನ ಗುರುತು, ಎಲ್ಲ ಆ ಮೇಜಿನ ಮೇಲೆ ಬಂದು ಹೋದವು. ಸಾಕ್ಷಿ ಹೇಳಲು ಬಂದ ವೈದ್ಯರು ಅವರ ಪ್ರಶ್ನೆಗೆ ಬೆವೆತುಹೋಗುತ್ತಿದ್ದರು. “ಕೆಳಗಿನಿಂದ ಮೇಲಕ್ಕೆ ಎಳೆದ ಗಾಯ ಅಂತೀರಿ. ಹಾಗಾದ್ರೆ ಗಾಯ ತೆಳ್ಳಗಾಗಿ ಮುಗಿಯೋ ಬಾಲ ಮೇಲ್ಗಡೆ ಇರಬೇಕಲ್ಲ ಡಾಕ್ಟ್ರೇ, ಕೆಳಗ್ಯಾಕಿದೆ?” ವೈದ್ಯರು ವರದಿ ತಿರುವಿ ಹಾಕಿ, “ಟೈಪಿಂಗ್ ತಪ್ಪು ಸಾರ್,” ಎಂದು ತಪ್ಪನ್ನು ಟೈಪಿಸ್ಟನ ತಲೆಗೆ ಕಟ್ಟಿ ಇಳಿಯುತ್ತಿದ್ದರು.

ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಂಡನ ಕೀರ್ತಿಗೆ ಆಕೆ ಎಂದೂ ಬಗ್ಗಿದವಳಲ್ಲ. “ರೀ, ಹಣ್ಣು ಹೆಚ್ಚಿ ಅಂದೆ. ಪೋಸ್ಟ್‌ಮಾರ್ಟಂ ಮಾಡಿ ಅನ್ಲಿಲ್ಲ,” ಎಂದು ತಟ್ಟೆ ಕಿತ್ತುಕೊಳ್ಳುತ್ತಿದ್ದಳು.

ಅವರಿಗೆ ನಲವತ್ತೆಂಟು ವರ್ಷವಿದ್ದಾಗ ಮಾರುಕಟ್ಟೆಯ ಹಮಾಲರ ಮೇಸ್ತ್ರಿಯ ಕೊಲೆ ನಡೆಯಿತು. ಬೆಳಗಿನ ಹೊತ್ತು ನಲ್ಲಿಯ ಕೆಳಗೆ ಬರಿಮೈಯಲ್ಲಿ ಸ್ನಾನಕ್ಕೆ ಕೂತಿದ್ದವನನ್ನು ಯಾರೋ ಹಿಂದಿನಿಂದ ಬಂದು ಕಡಿದಿದ್ದರು. ಗಂಟಲಿಗೆ ಮೂರು ಸಲ ಎಳೆದ ಗಾಯ, ಹೊಟ್ಟೆಗೆ ಎರಡು ಇರಿತ, ಬಲ ಕಂಕುಳಿನಲ್ಲಿ ನಾಲ್ಕು ಬೆರಳುದ್ದದ ಒಂದು ಸೀಳು. ಹೆಣದ ಬಲಗೈ ಮುಖಕ್ಕೆ ಅಡ್ಡ ಹಿಡಿದಂತೆ ಮೇಲಕ್ಕೆ ಎತ್ತಿಕೊಂಡೇ ಸೆಟೆದಿತ್ತು ಎಂದು ಮೊದಲು ನೋಡಿದ ಪೊಲೀಸ್ ಪೇದೆ ಹೇಳಿದ. ಪಕ್ಕದ ಮಾಂಸದಂಗಡಿಯ ಆಳು ಸಿಕ್ಕಿಬಿದ್ದ. ಎಲ್ಲರೂ ಅವನನ್ನು ಗಿಡ್ಡ ಎನ್ನುತ್ತಿದ್ದರು. ವಾರದ ಹಿಂದೆ ಮೇಸ್ತ್ರಿ ಅವನನ್ನು ನಡುಬೀದಿಯಲ್ಲಿ ಕೆಡವಿ, ಎದೆಯ ಮೇಲೆ ಚಪ್ಪಲಿಗಾಲಿಟ್ಟು ಕೆನ್ನೆಗೆ ಬಾರಿಸಿದ್ದ. ಗಿಡ್ಡನ ಅಂಗಿಯ ತುಂಬ ಮೇಸ್ತ್ರಿಯ ರಕ್ತವಿತ್ತು. ಸಾಯುತ್ತಿದ್ದವನನ್ನು ನಾನೇ ಮೊದಲು ನೋಡಿ ಎತ್ತಿ ಕೂರಿಸಿದೆ ಎಂದು ಅವನು ಹೇಳಿದ. ಹಾಗೆ ಹೇಳುವವರು ಆ ಕಟಕಟೆಯಲ್ಲಿ ಅವನಿಗಿಂತ ಮೊದಲು ನೂರು ಮಂದಿ ನಿಂತು ಹೋಗಿದ್ದರು.

“ಸಾಹೇಬ್ರೆ, ನಾನು ತೊಳೆಯೋನು, ಕಟ್ಟಿ ಕೊಡೋನು. ಕತ್ತಿ ಹಿಡಿಯೋಕೆ ಮಾಲೀಕರು ಬಿಟ್ಟೇ ಇಲ್ಲ. ನಂಗೆ ಬರಲ್ಲ,” ಎಂದ ಗಿಡ್ಡ. ಪೊಲೀಸರ ಕಣ್ಣಿಗೆ ಹೆದರಿದ ಮಾಲೀಕ, ಅಂಗಡಿಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ ಎಂದು ಹೇಳಿ ಕೈ ತೊಳೆದುಕೊಂಡ.

ಸಾಹೇಬರ ಕಣ್ಣು ಕಂಕುಳಿನ ಗಾಯದ ಮೇಲೆ ಬಿತ್ತು. ವೈದ್ಯರಿಗೆ ಅದರ ಅರ್ಥ ಆಗಿರಲಿಲ್ಲ, ವಕೀಲರಿಗೆ ಅದು ಬೇಕಾಗಿರಲಿಲ್ಲ. ಸೀಳು ನೆಟ್ಟಗೆ ಭುಜದ ಕೀಲಿನವರೆಗೆ ಹೋಗಿತ್ತು. ನರ ಕಡಿದಿತ್ತು, ಎಲುಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಫೋಟೋ ನೋಡುತ್ತ ಅವರಿಗೆ ಅಪ್ಪನ ಬೆರಳು ನೆನಪಾಯಿತು. ಈ ಕೆಲಸಕ್ಕೆ ನಾಲ್ಕು ವರ್ಷದ ಅಭ್ಯಾಸ ಬೇಕು ಎಂದು ಅವರಿಗೆ ಗೊತ್ತಿತ್ತು, ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಎಂಬುದೂ ಗೊತ್ತಿತ್ತು. ಈ ಎರಡನೆಯದೇ ಅವರ ತಲೆ ತಿರುಗಿಸಿದ್ದು. ತೀರ್ಪಿನಲ್ಲಿ ಎರಡು ಪುಟ ಆ ಗಾಯದ ಬಗ್ಗೆಯೇ ಬರೆದರು: ಗಂಟಲಿನ ಗಾಯ ಒರಟಾಗಿರುವುದು ಸತ್ತವನು ಒದ್ದಾಡಿದ್ದರಿಂದ, ಕಂಕುಳಿನ ಗಾಯ ಕೊಂದವನ ನಿಜವಾದ ಕಸುಬನ್ನು ತೋರಿಸುತ್ತದೆ, ಇದು ಪಳಗಿದ ಕೈಯ ಕೆಲಸ.

ಜೀವಾವಧಿ ಶಿಕ್ಷೆ ಓದಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಮುಂದೆ ಬಂದಳು. ಗಿಡ್ಡನ ಅಕ್ಕ, ಬಟ್ಟೆ ಇಸ್ತ್ರಿ ಮಾಡುವವಳು. ತಾಯಿಯಿಲ್ಲದ ತಮ್ಮನನ್ನು ಅವಳೇ ಸಾಕಿದ್ದಳು. “ಅವನಿಗೆ ಕತ್ತಿ ಹಿಡಿಯೋಕೆ ಬರಲ್ಲ ಸಾಹೇಬ್ರೆ. ಉಗುರು ಕೂಡ ನಾನೇ ಕತ್ತರಿಸೋದು. ಒಂದು ಸಲ ಅವನ ಕೈಗೆ ಕತ್ತಿ ಕೊಟ್ಟು ನೋಡಿ,” ಎಂದಳು. ಸಾಹೇಬರು ದಫೇದಾರನಿಗೆ ಕಣ್ಸನ್ನೆ ಮಾಡಿದರು. ಇಬ್ಬರು ಪೊಲೀಸರು ಅವಳ ರಟ್ಟೆ ಹಿಡಿದು ಎಳೆದೊಯ್ದರು. ಹೊಸ್ತಿಲಲ್ಲಿ ಅವಳ ಮೊಣಕಾಲು ಬಡಿದು ಚರ್ಮ ಕಿತ್ತುಬಂತು.

ಮೇಲಿನ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು, ಸಾಹೇಬರ ಸೂಕ್ಷ್ಮ ದೃಷ್ಟಿಯನ್ನು ಹೊಗಳಿತು ಕೂಡ. ಪತ್ರಿಕೆಗಳು ‘ಪಳಗಿದ ಕೈ’ ಎಂದು ದಪ್ಪಕ್ಷರದಲ್ಲಿ ಹಾಕಿದವು. ಹೊಸ ನ್ಯಾಯಾಧೀಶರಿಗೆ ತರಬೇತಿ ಕೊಡುವಾಗ ಆ ಎರಡು ಪುಟಗಳನ್ನು ಓದಿಸುತ್ತಿದ್ದರು. ಸಾಹೇಬರು ಮೂರು ಸಲ ಹೋಗಿ ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟು ಬಂದರು. ಅವರು ಕೆಟ್ಟವರಲ್ಲ, ಆದರೆ ಹೊಗಳಿಕೆ ಎಲ್ಲರ ಹಾಗೆ ಅವರಿಗೂ ರುಚಿಸುತ್ತಿತ್ತು.

ಹನ್ನೊಂದು ವರ್ಷ ಕಳೆಯಿತು. ಸಾಹೇಬರು ಈಗ ಇಡೀ ಜಿಲ್ಲೆಗೆ ಹಿರಿಯ ನ್ಯಾಯಾಧೀಶರು. ನಿವೃತ್ತಿಗೆ ಎಂಟು ತಿಂಗಳಿತ್ತು, ಹೈಕೋರ್ಟಿಗೆ ಹೋಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆಗ ಜೈಲಿನಲ್ಲಿ ಒಬ್ಬ ಸತ್ತ. ಸೈಕಲ್ ಕದ್ದ ಆರೋಪದ ಮೇಲೆ ಒಳಗೆ ಹೋದವನು, ಇಪ್ಪತ್ತೆರಡರ ಹರೆಯ. ಬಚ್ಚಲಲ್ಲಿ ಜಾರಿ ಬಿದ್ದ ಎಂದು ಜೈಲಿನವರು ಬರೆದುಕೊಟ್ಟರು. ನೀವೇ ಖುದ್ದಾಗಿ ವಿಚಾರಣೆ ಮಾಡಿ, ಶವಪರೀಕ್ಷೆಗೂ ಎದುರಿಗಿರಿ ಎಂದು ಹೈಕೋರ್ಟು ಸಾಹೇಬರಿಗೆ ಆದೇಶ ಕಳಿಸಿತು.

ಎಲ್ಲಿಗೆ ಹೋದರೂ ಹತ್ತು ನಿಮಿಷ ಮುಂಚೆ ಹೋಗುವ ಚಾಳಿ ಅವರದು. ಶವಾಗಾರಕ್ಕೂ ಹಾಗೇ ಹೋದರು. ವೈದ್ಯರು ಇನ್ನೂ ಬಂದಿರಲಿಲ್ಲ. ಹೆಣ ಕೊಯ್ಯುವ ಮುದುಕ ಒಬ್ಬನೇ ಇದ್ದ, ಬಾಯಲ್ಲಿ ಆರಿದ ಬೀಡಿ. ಸಾಹೇಬರು ಹುಡುಗನ ಮೈ ಮೇಲಿನ ಹೊದಿಕೆ ಸರಿಸಿದರು. ಪಕ್ಕೆಲುಬು ಒಳಕ್ಕೆ ಕುಸಿದಿತ್ತು, ಅಂಗಾಲು ಒಡೆದು ನೀಲಿಗಟ್ಟಿತ್ತು, ಹಲ್ಲು ತುಟಿಯೊಳಕ್ಕೆ ಹೊಕ್ಕಿತ್ತು. ಬಚ್ಚಲಿಗೆ ಇಷ್ಟು ಕೈಕಾಲು ಎಲ್ಲಿಂದ ಬರಬೇಕು? ಏಟು ತಡೆಯಲು ಎತ್ತಿದ ಬಲಗೈ ಹಾಗೇ ಮುಖದ ಮೇಲೆ ಸೆಟೆದು ನಿಂತಿತ್ತು.

ಮುದುಕ ಆ ಕೈಯನ್ನು ಒಂದು ಸಲ ಅಮುಕಿ ನೋಡಿದ. ಅದು ಬಗ್ಗಲಿಲ್ಲ. ಕಂಕುಳಿಗೆ ಎರಡು ಬೆರಳು ಹಾಕಿ ತಡವಿದ, ಸಣ್ಣ ಕತ್ತಿಯಿಂದ ಒಂದು ಗೆರೆ ಎಳೆದ. ಕೈ ಪಕ್ಕಕ್ಕೆ ಬಂದು ಬಿತ್ತು. ಕೀಲಿನ ಎಲುಬು ಬೆಳ್ಳಗೆ ಕಾಣಿಸಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

“ಇದ್ಯಾಕೆ ಮಾಡ್ದೆ?” ಎಂದು ಸಾಹೇಬರು ಕೇಳಿದರು.

“ಕೈ ಹಂಗೇ ಎತ್ತಿಕೊಂಡಿದ್ರೆ ಮೇಜಿನ ಮೇಲೆ ಹಿಡಿಸಲ್ಲ ಸ್ವಾಮಿ. ಬಟ್ಟೆ ಸುತ್ತೋಕೂ ಆಗಲ್ಲ. ಒಂದು ಗೆರೆ ಕೊಟ್ರೆ ಮಾತು ಕೇಳುತ್ತೆ.”

“ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀಯ?”

“ಇಪ್ಪತ್ತಾರು.”

“ಡಾಕ್ಟ್ರಿಗೆ ಹೇಳ್ತೀಯ, ಇದು ನಾನು ಮಾಡಿದ ಗಾಯ ಅಂತ?”

ಮುದುಕನಿಗೆ ನಗು ಬಂತು. “ಅವರು ಬಾಗಿಲ ಹತ್ರ ಮೂಗಿಗೆ ಕರ್ಚೀಫು ಹಿಡ್ಕೊಂಡು ನಿಂತು ಬರ್ಕೋತಾರೆ ಸ್ವಾಮಿ. ಕೇಳಿದ್ರೆ ತಾನೇ ಹೇಳೋದು.”

ಸಾಹೇಬರು ನೆಟ್ಟಗೆ ಕೋರ್ಟಿನ ದಾಖಲೆ ಕೋಣೆಗೆ ಹೋಗಿ ಹನ್ನೊಂದು ವರ್ಷದ ಹಿಂದಿನ ಕಡತ ತೆಗೆಸಿದರು. ಮೇಸ್ತ್ರಿಯ ಕಂಕುಳಿನ ಫೋಟೋ ಹಾಗೇ ಇತ್ತು. ಗಂಟಲ ಗಾಯದ ಅಂಚು ಕೆಂಪಗೆ ಉಬ್ಬಿತ್ತು, ಹೊಟ್ಟೆಯ ಗಾಯದ್ದೂ ಉಬ್ಬಿತ್ತು. ಕಂಕುಳಿನ ಗಾಯದ ಅಂಚು ನೀರಲ್ಲಿ ತೊಳೆದ ಹಾಗೆ ಬಿಳಿಚಿಕೊಂಡಿತ್ತು. ಒಂಬತ್ತು ವರ್ಷ ತುಂಬದ ಹುಡುಗನಿಗೆ ಗೊತ್ತಿದ್ದದ್ದು ನಲವತ್ತೆಂಟರ ನ್ಯಾಯಾಧೀಶನಿಗೆ ಕಂಡಿರಲಿಲ್ಲ. ಕೈ ಪಳಗಿದ್ದು ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು, ಕೈ ಯಾರದೆಂದು ಕೇಳಿರಲಿಲ್ಲ. ಕೊಂದವನಿಗೆ ಕಸುಬೇ ಇರಲಿಲ್ಲ. ಗಂಟಲನ್ನು ಮೂರು ಸಲ ಎಳೆದವನು ದಾರಿಯಲ್ಲಿ ಹೋಗುವ ಯಾವನಾದರೂ ಆಗಿರಬಹುದಿತ್ತು.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದರು. ಹೈಕೋರ್ಟಿಗೆ ಪತ್ರ ಬರೆಯಬೇಕು, ಬರೆದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದರು. ಆಕೆ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ. “ಉತ್ತರ ತಪ್ಪಿದ್ರೆ ನಾನು ಅಡ್ಡಗೀಟು ಹಾಕ್ತೀನಿ ರೀ. ಮಗೂಗೆ ಬೇಜಾರಾಗುತ್ತೇನೋ ಅಂತ ಕೇಳ್ತಾ ಕೂರಲ್ಲ. ಬರೀರಿ.” ಆಮೇಲೆ ಪೆನ್ನು ಕೆಳಗಿಟ್ಟು, “ಹನ್ನೊಂದು ವರ್ಷ,” ಎಂದಳು. ಆಕೆಯ ಕಣ್ಣು ತುಂಬಿತ್ತು.

ಪತ್ರ ಬರೆದರು. ಆದರೆ ಕಳಿಸುವ ಮೊದಲು ಗಿಡ್ಡನಿಗೆ ತಾವೇ ಹೇಳಬೇಕು ಎನ್ನಿಸಿತು. ಅದು ಸಭ್ಯತೆ ಎಂದು ಅವರು ಅಂದುಕೊಂಡರು. ಅರ್ಧ ನಿಜ. ಇನ್ನರ್ಧ, ಊರಿಗೆಲ್ಲ ಗೊತ್ತಾಗುವ ಮೊದಲು ಅವನೊಬ್ಬನಿಂದ ಕ್ಷಮಿಸಿದೆ ಎನ್ನಿಸಿಕೊಳ್ಳುವ ಆಸೆ.

ಮರುದಿನ ಬೆಳಿಗ್ಗೆ ಜೈಲಿಗೆ ಹೋದರು. ಸೈಕಲ್ ಕಳ್ಳನ ಸಾವಿನ ವಿಚಾರಣೆ ನಡೆಯುತ್ತಿದ್ದ ದಿನಗಳವು. ಸಾಹೇಬರ ಕಾರು ಗೇಟಿಗೆ ಬಂದರೆ ಜೈಲಿನ ಇಲಿಗಳಿಗೂ ಕಿವಿ ನಿಮಿರುತ್ತಿತ್ತು. ಜೈಲರು ಸೆಲ್ಯೂಟ್ ಹೊಡೆದು ನಿಂತ. ಅಡಿಗೆಮನೆಯಲ್ಲಿ ಕೆಲಸ ಮಾಡುವ ಗಿಡ್ಡನನ್ನು ಕರೆಸಿ ಎಂದರು ಸಾಹೇಬರು. ಅವನನ್ನು ಕರೆತಂದವನು ಬೋಳ ಎನ್ನುವ ಹಳೆಯ ಕೈದಿ. ಅಡಿಗೆಮನೆಗೆ ಅವನೇ ಯಜಮಾನ, ಜೈಲರಿಗೆ ಬಲಗೈ. ಅವನ ಗೆಣ್ಣುಗಳ ಮೇಲೆ ಹೊಸ ಗಾಯವಿತ್ತು. ಬೇರೆ ಯಾವತ್ತಾದರೂ ಆಗಿದ್ದರೆ ಸಾಹೇಬರು ಅದನ್ನು ಮೊದಲು ನೋಡುತ್ತಿದ್ದರು. ಅವತ್ತು ಅವರ ಕಣ್ಣು ಗಿಡ್ಡನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ತಲೆ ನರೆತಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ, ಮುಂಗೈ ತುಂಬ ಸುಟ್ಟ ಕಲೆ.

“ನೀವೆಲ್ಲ ಹೊರಗಿರಿ,” ಎಂದರು ಸಾಹೇಬರು. ಜೈಲರೂ ಹೊರಗೆ ಹೋದ. ಅವರು ತಾವೇ ಎದ್ದು ಬಾಗಿಲು ಹಾಕಿ ಚಿಲಕ ಎಳೆದರು.

“ಬಾಗಿಲು ತೆಗೆದಿಡಿ ಸಾಹೇಬ್ರೆ,” ಎಂದ ಗಿಡ್ಡ.

“ಐದು ನಿಮಿಷ. ಕೂತ್ಕೋ.”

ಐದು ನಿಮಿಷದ ಮಾತು ನಲವತ್ತು ನಿಮಿಷವಾಯಿತು. ಸಾಹೇಬರು ಮೊದಲು ಮಾತಿಗೆ ತಡವರಿಸಿದರು, ಆಮೇಲೆ ಹೆಣ ಕೊಯ್ಯುವ ಮುದುಕನ ವಿಷಯ, ಫೋಟೋದ ವಿಷಯ ಎಲ್ಲ ಹೇಳಿದರು. ತಪ್ಪು ನನ್ನದು ಎಂದರು. ಗಿಡ್ಡ ಅಳಲಿಲ್ಲ, ಬೈಯಲೂ ಇಲ್ಲ. ಅವನ ಒಂದು ಕಣ್ಣು ಬಾಗಿಲ ಮೇಲೇ ಇತ್ತು.

“ಅಂದ್ರೆ ನಾನು ಮನೆಗೆ ಹೋಗಬಹುದಾ?”

“ಎರಡು ತಿಂಗಳಾಗಬಹುದು. ಪತ್ರ ಇವತ್ತೇ ಹೋಗುತ್ತೆ.”

“ಅಕ್ಕಂಗೆ ನೀವೇ ಹೇಳ್ತೀರಾ? ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೋತಾಳೆ.”

“ಹೇಳ್ತೀನಿ.”

ಗಿಡ್ಡ ಮುಂದಕ್ಕೆ ಬಗ್ಗಿದ, ದನಿ ಇಳಿಸಿದ. “ಸಾಹೇಬ್ರೆ, ಆ ಸೈಕಲ್ ಹುಡುಗನ್ನ ಬೋಳ ಬಡಿದು ಕೊಂದಿದ್ದು ಎಲ್ಲರಿಗೂ ಗೊತ್ತು. ನಾನು ನಿಮಗೆ ಹೇಳಿಲ್ಲ, ಈಗಲೂ ಹೇಳಲ್ಲ, ನನ್ನ ಸಾಕ್ಷಿ ಮಾಡಬೇಡಿ. ಆದ್ರೆ ಇಷ್ಟು ಹೊತ್ತು ಬಾಗಿಲು ಹಾಕ್ಕೊಂಡು ಕೂತಿದೀವಿ. ನಾನು ಬಾಯಿ ಬಿಟ್ಟೆ ಅಂತಾನೇ ಅವರು ತಿಳ್ಕೋತಾರೆ. ಈಗ ಬಾಗಿಲು ತೆಗೆದು ನನ್ನ ಬೈದು ಹೊರಗೆ ತಳ್ಳಿ. ಏನೂ ಬೊಗಳಲ್ಲ ಇವನು ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿ. ಕೆನ್ನೆಗೆ ಒಂದು ಬಿಡಿ. ಜೋರಾಗಿ.”

ಸಾಹೇಬರು ತಲೆಯಾಡಿಸಿದರು. ಹನ್ನೊಂದು ವರ್ಷ ತಿಂದು ಹಾಕಿದ ಮೇಲೆ ಇವನಿಗೆ ಕೈಯೆತ್ತುವುದು ಹೇಗೆ? “ಅದು ನನ್ನಿಂದಾಗಲ್ಲಪ್ಪ. ನಿನಗೇನೂ ಆಗದ ಹಾಗೆ ನಾನು ನೋಡ್ಕೋತೀನಿ,” ಎಂದರು. ತುಂಬಿದ ಕೋರ್ಟಿನಲ್ಲಿ ಒಬ್ಬನ ಮೊಣಕೈ ಮುರಿದ ಮನುಷ್ಯ ಇನ್ನೊಬ್ಬನ ಜೀವ ಉಳಿಸಲು ಕೆನ್ನೆಗೆ ಒಂದು ಏಟು ಹೊಡೆಯಲಾರದೆ ಹೋದರು. ಬಾಗಿಲು ತೆಗೆದು, ಬೋಳನ ಎದುರಿಗೇ ಗಿಡ್ಡನ ಹೆಗಲ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಜೈಲರ ಕಡೆ ತಿರುಗಿ, “ಇವನ ಕೂದಲಿಗೂ ಅಪಾಯ ಆಗಬಾರದು. ನಾಳೆಯೊಳಗೆ ಬೇರೆ ಜೈಲಿಗೆ ಕಳಿಸೋ ಆದೇಶ ಬರುತ್ತೆ,” ಎಂದರು. ಇನ್ನೇನು ಬೇಕಿತ್ತು ಬೋಳನಿಗೆ? ಸಾಹೇಬರ ಕಾರು ಗೇಟು ದಾಟುವ ಮುಂಚೆಯೇ ಗಿಡ್ಡ ಸಾಕ್ಷಿ ಹೇಳಿದ ಸುದ್ದಿ ಕೊನೆಯ ಬ್ಯಾರಕ್ಕಿಗೂ ಮುಟ್ಟಿತ್ತು.

ಮರುದಿನ ಬೆಳಗಿನ ಅಡಿಗೆಗೆ ನೀರು ಕುದಿಯಲು ಇಟ್ಟಾಗ ಮೂವರು ಅಡಿಗೆಮನೆಯ ಬಾಗಿಲು ಒಳಗಿಂದ ಹಾಕಿಕೊಂಡರು. ಬೋಳನ ಕೈಯಲ್ಲಿ ಕಿಟಕಿಯಿಂದ ಕಿತ್ತ ಕಬ್ಬಿಣದ ಸರಳಿತ್ತು. ಮೊದಲ ಏಟು ಮಂಡಿಗೆ, ಎರಡನೆಯದು ಬೆನ್ನಿಗೆ. ಬಿದ್ದವನ ಕೂದಲು ಹಿಡಿದು ಎಬ್ಬಿಸಿ ಕುದಿಯುವ ಹಂಡೆಗೆ ಮುಖ ಅದ್ದಿದರು, ಎತ್ತಿ ಸಾಹೇಬರಿಗೆ ಏನು ಹೇಳಿದೆ ಎಂದು ಕೇಳಿದರು, ಮತ್ತೆ ಅದ್ದಿದರು. ನನ್ನ ಕೇಸಿನ ಮಾತು, ನನ್ನ ಕೇಸಿನ ಮಾತು ಎಂದು ಅವನು ಅರಚಿದ್ದು ಹೊರಗಿದ್ದ ಕಾವಲಿನವನಿಗೆ ಕೇಳಿಸಿತ್ತು. ಅವನು ಬೀಗದ ಕೈ ಹುಡುಕುತ್ತಿದ್ದೆ ಎಂದು ಆಮೇಲೆ ಹೇಳಿಕೆ ಕೊಟ್ಟ. ಕೊನೆಗೆ ತರಕಾರಿ ಹೆಚ್ಚುವ ಮೊಂಡು ಕತ್ತಿಯಲ್ಲಿ ಗಿಡ್ಡನ ನಾಲಿಗೆ ಕೊಯ್ದು ನೆಲದ ಮೇಲೆ ಎಸೆದು ಹೋದರು. ಜೈಲಿನಲ್ಲಿ ಚಾಡಿ ಹೇಳಿದವರಿಗೆ ಕೊಡುವ ಶಿಕ್ಷೆ ಅದು. ಅವನು ಅರ್ಧ ಗಂಟೆ ಜೀವ ಹಿಡಿದಿದ್ದ.

ಸಾಹೇಬರು ಓಡಿ ಬಂದಾಗ ನೆಲ ಇನ್ನೂ ತೊಳೆದಿರಲಿಲ್ಲ. ಬೆಂದ ಮುಖ ಗುರುತು ಸಿಗುತ್ತಿರಲಿಲ್ಲ, ಮುಂಗೈಯ ಹಳೆಯ ಕಲೆಗಳಿಂದ ಗೊತ್ತಾಯಿತು. ಅವರ ಕಣ್ಣು ಅಭ್ಯಾಸಬಲದಿಂದ ಗಾಯದ ಅಂಚು ನೋಡಲು ಹೋಯಿತು. ಅವರು ಎರಡೂ ಕೈಯಿಂದ ತಮ್ಮ ಮುಖಕ್ಕೆ ಬಡಿದುಕೊಂಡರು. ಜೈಲರು ಗಾಬರಿಯಾಗಿ ಕುರ್ಚಿ ತಂದ.

ಬೋಳನೂ ಇನ್ನಿಬ್ಬರೂ ಎರಡು ಕೊಲೆಗಳ ಆರೋಪದಲ್ಲಿ ಸಿಕ್ಕಿಬಿದ್ದರು, ಜೈಲರ ಕೆಲಸ ಹೋಯಿತು. ಸಾಹೇಬರ ಪತ್ರಕ್ಕೆ ಹೈಕೋರ್ಟಿನಿಂದ ಮೂರು ತಿಂಗಳ ಮೇಲೆ ಉತ್ತರ ಬಂತು. ಅಪರಾಧಿ ಮೃತನಾಗಿರುವುದರಿಂದ ಮುಂದಿನ ಕ್ರಮದ ಅಗತ್ಯ ಕಾಣುವುದಿಲ್ಲ, ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಅಷ್ಟೇ. ದಾಖಲೆಯಲ್ಲಿ ಗಿಡ್ಡ ಕೊಲೆಗಾರನಾಗಿಯೇ ಉಳಿದ. ಪಟ್ಟಿಯಿಂದ ಸಾಹೇಬರ ಹೆಸರು ಹೋದದ್ದನ್ನು ಅವರು ಗಮನಿಸಲೂ ಇಲ್ಲ.

ಕೊಟ್ಟ ಮಾತಿನಂತೆ ಅಕ್ಕನಿಗೆ ಹೇಳಬೇಕಿತ್ತು. ಅದಕ್ಕೆ ಧೈರ್ಯ ಬರಲು ಅವರಿಗೆ ಇನ್ನೂ ಎರಡು ವಾರ ಹಿಡಿಯಿತು. ಓಣಿಯ ತುದಿಯಲ್ಲಿ ತಗಡಿನ ಸೂರಿನ ಇಸ್ತ್ರಿ ಅಂಗಡಿ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸಾಹೇಬರನ್ನು ನೋಡಿ ಗುರುತು ಹಿಡಿದಳು, ಕೂರಿ ಅನ್ನಲಿಲ್ಲ. ಅವರು ನಿಂತೇ ಎಲ್ಲ ಹೇಳಿದರು. ಅವಳು ಕೈಯಲ್ಲಿದ್ದ ಅಂಗಿಯ ಎರಡೂ ತೋಳು ಮುಗಿಸಿ ಮಡಚಿಟ್ಟಳು.

“ಇದನ್ನೇ ಹೇಳೋಕೆ ನಾನು ಆವತ್ತು ನಿಮ್ಮ ಕೋರ್ಟಿಗೆ ಬಂದಿದ್ದೆ. ರಟ್ಟೆ ಹಿಡಿದು ಎಳೆದು ಹಾಕಿಸಿದ್ರಿ. ಈಗ ನನ್ನ ಅಂಗಡಿಗೆ ಬಂದು ನಂಗೇ ಹೇಳ್ತಿದೀರಿ. ನಂಗೆ ಗೊತ್ತಿಲ್ವಾ? ಗೊತ್ತಿಲ್ಲದೋರಿಗೆ ಹೋಗಿ ಹೇಳಿ.”

“ಎಲ್ಲರ ಎದುರಿಗೇ ಹೇಳ್ತೀನಿ. ನೀವು ಬರಬೇಕು,” ಎಂದರು ಸಾಹೇಬರು.

ಸೇವೆಯ ಕೊನೆಯ ದಿನ ಕೋರ್ಟಿನ ಹಾಲಿನಲ್ಲಿ ಬೀಳ್ಕೊಡುಗೆ. ವಕೀಲರು, ಗುಮಾಸ್ತರು, ಪೊಲೀಸ್ ಅಧಿಕಾರಿಗಳು, ಪತ್ರಿಕೆಯವರು ಕಿಕ್ಕಿರಿದಿದ್ದರು. ಮೊದಲ ಸಾಲಿನಲ್ಲಿ ಸಾಹೇಬರ ಹೆಂಡತಿ, ಆಕೆಯ ಪಕ್ಕದಲ್ಲಿ ಗಿಡ್ಡನ ಅಕ್ಕ. ನಾಲ್ಕು ಮಂದಿ ವಕೀಲರು ‘ಪಳಗಿದ ಕೈ’ ತೀರ್ಪನ್ನು ಹೊಗಳಿ ಕೂತರು. ಆಮೇಲೆ ಸಾಹೇಬರು ಎದ್ದರು. ಪೀಠಕ್ಕೆ ಹೋಗದೆ ಸಾಕ್ಷಿಯ ಕಟಕಟೆಗೆ ಹೋಗಿ ನಿಂತರು, ಟೈಪಿಸ್ಟನಿಗೆ ಬರೆದುಕೊಳ್ಳಲು ಹೇಳಿದರು. ಕಂಕುಳಿನ ಗಾಯ ಯಾರು ಮಾಡಿದ್ದು, ತಾನು ಏನು ನೋಡಲಿಲ್ಲ, ಜೈಲಿಗೆ ಹೋಗಿ ಏನು ಮಾಡಿದೆ, ಗಿಡ್ಡ ಏನೇನು ಕೇಳಿಕೊಂಡ, ಹೆಗಲು ಹೇಗೆ ತಟ್ಟಿದೆ, ಗಿಡ್ಡನನ್ನು ಹೇಗೆ ಕೊಂದರು, ಒಂದೂ ಬಿಡದೆ ಹೇಳಿದರು. ಟೈಪಿಸ್ಟ್ ನಡುವೆ ಕೈ ನಿಲ್ಲಿಸಿ, “ಸಾರ್, ಇದೂ ಬೇಕಾ?” ಎಂದ. “ಬೇಕು,” ಎಂದರು. ಯಾರೋ ಕೆಮ್ಮಿದರು. ಹಾರ ಹಿಡಿದು ನಿಂತಿದ್ದ ಸಂಘದ ಅಧ್ಯಕ್ಷರು ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡರು.

ಸಾಹೇಬರು ಮುಗಿಸಿದ ಮೇಲೆ ಅಕ್ಕ ಎದ್ದು ನಿಂತಳು. ಈ ಸಲ ಯಾರೂ ಅವಳ ರಟ್ಟೆಗೆ ಕೈ ಹಾಕಲಿಲ್ಲ.

“ಒಂದು ಕೇಳಬೇಕು.”

“ಕೇಳಿ ಅಮ್ಮಾ.”

“ಅವನು ತೆಗೆದಿಡಿ ಅಂದ್ರೂ ಬಾಗಿಲು ಯಾಕೆ ಹಾಕಿದ್ರಿ?”

ಮೂವತ್ತೊಂದು ವರ್ಷ ಪ್ರಶ್ನೆ ಕೇಳಿದ ಮನುಷ್ಯ ಕಟಕಟೆಯ ಕಂಬಿ ಹಿಡಿದುಕೊಂಡರು. ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದೊಂದೇ.

“ನಾಚಿಕೆಯಾಗಿತ್ತು.”

“ಯಾರ ಎದುರು?”

“ಜೈಲರ್ ಎದುರು. ನಾನು ತಪ್ಪು ಒಪ್ಪಿಕೊಳ್ಳೋದು ಅವನಿಗೆ ಕೇಳಿಸಬಾರದು ಅಂತ.”

“ಅಷ್ಟಕ್ಕಾ?” ಎಂದಳು ಅಕ್ಕ. ಸಾಹೇಬರು ಅಷ್ಟಕ್ಕೇ ಎಂದರು. ಟೈಪಿಸ್ಟ್ ಅದನ್ನೂ ಹೊಡೆದುಕೊಂಡ.